ಮರಣಸುದ್ದಿಯ ಜಾಗದಲ್ಲಿ ಹೂದಾನಿ

ಯಾರು ಮೊದಲು ಕಣ್ಣು ಮುಚ್ಚುತ್ತಾರೋ ಅವರ ಅಂತ್ಯಪೂಜೆಯಲ್ಲಿ ಇನ್ನೊಬ್ಬರು ಹಾಡಬೇಕು. ಚರ್ಚಿನ ಗಾನವೃಂದಕ್ಕೆ ಸೇರಿದ ಹೊಸದರಲ್ಲಿ ದೊಡ್ಡಮ್ಮ ಮತ್ತು ಅವಳ ಗೆಳತಿ ಹೀಗೆ ಮಾತು ಕೊಟ್ಟುಕೊಂಡಿದ್ದರು. ಈಗ ಗೆಳತಿ ಮಣ್ಣು ಸೇರಿದ್ದಳು. ದೊಡ್ಡಮ್ಮನಿಗೆ ಗೊತ್ತಾದದ್ದು ಮಾರನೆಯ ದಿನ, ಹಾಲಿನ ಅಂಗಡಿಯವನ ಬಾಯಿಂದ.

ದೊಡ್ಡಮ್ಮನಿಗೆ ಕಣ್ಣು ಕಾಣುವುದಿಲ್ಲ. ಚರ್ಚಿನ ಸುದ್ದಿಯನ್ನು ಫೋನು ಗಟ್ಟಿಯಾಗಿ ಓದಿ ಹೇಳುತ್ತದೆ. ಹಾಗೆ ಓದುವಂತೆ ಚರ್ಚಿನ ವೆಬ್‌ಸೈಟ್ ಕಟ್ಟಿದವಳು ಅವಳ ತಂಗಿಯ ಮಗಳು. ಪ್ರತಿ ಚಿತ್ರಕ್ಕೂ ಅದರಲ್ಲೇನಿದೆ ಎಂದು ಬರೆಯಿರಿ ಎಂದು ಎಲ್ಲರ ಬೆನ್ನು ಹತ್ತಿ ‘ಕಿರಿಕಿರಿ’ ಎಂಬ ಹೆಸರು ಗಿಟ್ಟಿಸಿಕೊಂಡವಳು.

“ನಾನು ಎರಡೆರಡು ಸಲ ಕೇಳಿದೆ ಕಣೇ,” ಎಂದಳು ದೊಡ್ಡಮ್ಮ. “ಹೂದಾನಿ ಅಂತು. ಹೂದಾನಿ ಮುಂದೆ ಹೋಗಿ ಹಾಡ್ಲಾ?”

ಕಿರಿಕಿರಿ ಪುಟ ತೆರೆದಳು. ಮರಣಸುದ್ದಿ ಅಲ್ಲೇ ಇತ್ತು: ಗೆಳತಿಯ ಮುಖ, ಪೂಜೆಯ ಹೊತ್ತು, ಎಲ್ಲವೂ ಒಂದೇ ಚಿತ್ರದೊಳಗೆ. ಚಿತ್ರದೊಳಗಿನ ಅಕ್ಷರ ಫೋನಿಗೆ ಕಾಣದು, ಅದು ಓದುವುದು ಚಿತ್ರಕ್ಕೆ ಬರೆದ ವಿವರವನ್ನಷ್ಟೇ. ಅದು ಓದಿದ್ದು: “ಬಿಳಿ ಹೂಗಳ ಹೂದಾನಿ. ಅದರಾಚೆ, ಪೂಜೆಗೆ ಬಂದು ಎದುರುಮುಖವಾಗಿ ಕೂತ ಜನ.” ವೆಬ್‌ಸೈಟ್ ತಾನೇ ಮಾಡಿಕೊಳ್ಳುವ ತಪಾಸಣೆಯಲ್ಲಿ ಎಲ್ಲ ಹಸಿರು, ಅಂದರೆ ಎಲ್ಲ ಸರಿ. ವಿವರ ಇದೆಯೇ? ಇದೆ. ಅದು ನಿಜವೇ? ಯಂತ್ರ ಅದನ್ನು ಕೇಳುವುದಿಲ್ಲ.

ಕಿರಿಕಿರಿಯ ಮೈ ಉರಿಯಿತು. ದೊಡ್ಡಮ್ಮನ ಕೈ ಹಿಡಿದು ನೇರ ಚರ್ಚಿನ ಕಚೇರಿಗೆ ನಡೆದಳು.

ವೆಬ್‌ಸೈಟಿಗೆ ಚಿತ್ರ ಹಾಕಬಲ್ಲವರು ಮೂವರೇ, ಮೂವರೂ ಅಲ್ಲಿದ್ದರು: ಗುಮಾಸ್ತೆ, ಫೋಟೋಗ್ರಾಫರ್, ಫಾದರ್. ಗುಮಾಸ್ತೆ ಆಣೆ ಪ್ರಮಾಣಕ್ಕೇ ಇಳಿದಳು; ವಿವರ ಬರೆಯದಿದ್ದರೆ ಚಿತ್ರ ಒಳಗೇ ಹೋಗುವುದಿಲ್ಲ, ತನಗೆ ಅದು ದಿನಾ ತಲೆನೋವು ಎಂದಳು. ಮದುಮಕ್ಕಳನ್ನು ಬಿಟ್ಟು ಹೂದಾನಿ ತೆಗೆಯುವಷ್ಟು ತನಗಿನ್ನೂ ತಲೆ ಕೆಟ್ಟಿಲ್ಲ ಎಂದು ಫೋಟೋಗ್ರಾಫರ್ ಗೊಣಗಿದ. ಫಾದರ್ ಕನ್ನಡಕ ಒರೆಸುತ್ತಾ, ಯಂತ್ರವೇ ಎಡವಿರಬೇಕು ಎಂದರು.

“ಯಂತ್ರ ಎಡವಿಲ್ಲ,” ಎಂದಳು ಕಿರಿಕಿರಿ. “ಹೊಸ ಚಿತ್ರ ಹಾಕಿದ್ರೆ ವಿವರ ಕೇಳುತ್ತೆ. ಹಳೇ ಚಿತ್ರದ ಜಾಗಕ್ಕೆ ಇನ್ನೊಂದು ತುರುಕಿದ್ರೆ ಕೇಳಲ್ಲ. ಹಳೇ ಮಾತೇ ಉಳಿಯುತ್ತೆ. ಹಾಗೆ ಬದಲಿಸೋಕೆ ಆಗೋದು ಮೊದಲು ಹಾಕಿದವರಿಗೆ ಮಾತ್ರ. ಹಾಗಾದ್ರೆ ಹೂದಾನಿ ಯಾರದ್ದು?”

ಗುಮಾಸ್ತೆ ಫೋಟೋಗ್ರಾಫರನತ್ತ ನೋಡಿದಳು, ಅವನು ಗುಮಾಸ್ತೆಯತ್ತ. ಕಿರಿಕಿರಿಯೇ ಮುಂದುವರಿಸಿದಳು:

“ಎಲ್ರೂ ಹೂದಾನಿನೇ ಹಿಡ್ಕೊಂಡ್ರಿ, ಅದರಾಚೆ ಇರೋ ಜನರನ್ನ ಬಿಟ್ರಿ. ನಾವು ಬೆಂಚಲ್ಲಿ ಕೂತ್ರೆ ನಮಗೆ ಕಾಣೋದು ಮುಂದಿನವರ ಬೆನ್ನು. ಜನರ ಮುಖ ಕಾಣೋದು ಪೀಠದ ಹಿಂದೆ ನಿಂತವರಿಗೆ. ಪೂಜೆಗೆ ಜನ ಕೂತ ಮೇಲೆ ಅಲ್ಲಿ ನಿಲ್ಲೋದು ಯಾರು, ಫಾದರ್?”

ಫಾದರ್ ಕನ್ನಡಕ ಹಾಕಿಕೊಂಡರು. “ಅರ್ಜೆಂಟಿತ್ತಮ್ಮ, ನನ್ನ ಹಳೇ ಚಿತ್ರದ ಜಾಗಕ್ಕೇ ಹಾಕಿಬಿಟ್ಟೆ. ಆ ವಿವರ ಗಿವರ ಎಲ್ಲ... ಒಬ್ಬರಿಗೋಸ್ಕರ—”

“ಆ ಒಬ್ರೇ ಹಾಡಬೇಕಾಗಿತ್ತು,” ಎಂದಳು ಕಿರಿಕಿರಿ.

ಸಾವಿನ ಸುದ್ದಿ ಊರಿಗೆಲ್ಲ ತಿಳಿದಿತ್ತು; ದೊಡ್ಡಮ್ಮನಿಗೆ ಇನ್ನೊಬ್ಬರು ಹೇಳಿರುತ್ತಾರೆ ಎಂದು ಎಲ್ಲರೂ ಕೈ ತೊಳೆದುಕೊಂಡಿದ್ದರು. ಫಾದರ್ ತಲೆ ತಗ್ಗಿಸಿ, ಭಾನುವಾರ ವಿಶೇಷ ಪೂಜೆ ಇಡೋಣ, ಆಗ ಹಾಡಲಿ ಎಂದರು.

ದೊಡ್ಡಮ್ಮ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

“ಅವಳ ಪೆಟ್ಟಿಗೆ ಪಕ್ಕ ನಿಂತು ಹಾಡ್ತೀನಿ ಅಂದಿದ್ದೆ ಫಾದರ್. ನಿಮ್ಮ ಭಾನುವಾರಕ್ಕಲ್ಲ.”

ಗೆಳತಿಯ ಅಂತ್ಯಪೂಜೆಯಲ್ಲಿ ದೊಡ್ಡಮ್ಮ ಹಾಡಲಿಲ್ಲ. ಕೊಟ್ಟ ಮಾತು ಮುರಿಯಿತು.