ಗುಲಾಬಿ ಬಣ್ಣದ ಬ್ಲೋಸಿಪ್ಪ

"ಸುಳ್ಳು ಹೇಳಬೇಡ ತೋರ್ಕೆಲ್. ನಿನ್ನ ಮೊಣಕಾಲ ಮೇಲಿನ ಮಣ್ಣೇ ಹೇಳ್ತಿದೆ."

"ನಾನು ಕಾಡಲ್ಲಿ ಸಸಿ ನೆಡೋನು, ಯೋರ್ಡಿಸ್. ಮೊಣಕಾಲಿಗೆ ಮಣ್ಣು ಹತ್ತದೆ ಬೆಣ್ಣೆ ಹತ್ತುತ್ತಾ?"

"ತಮಾಷೆ ಸಾಕು. ಕಿತ್ತು ಯಾರಿಗೆ ಕೊಟ್ಟೆ?"

ಜಿನುಗು ಮಳೆಯಲ್ಲಿ ಇಬ್ಬರ ನಡುವೆ ಒಂದು ಕುಳಿ ಬಾಯಿ ತೆರೆದುಕೊಂಡಿತ್ತು. ಹೇಜಲ್ ಮರಗಳ ತೋಪಿನ ತುಂಬ ನೀಲಿ ಬ್ಲೋಸಿಪ್ಪ ಹೂಗಳು ಮುಖ ಮುಚ್ಚಿ ತಲೆ ಬಾಗಿಸಿದ್ದವು. ಮರಗಳು ಎಲೆ ಬಿಟ್ಟು ನೆರಳು ಕವಿಯುವ ಮೊದಲು ಸಿಗುವ ಕೆಲವೇ ವಾರಗಳ ಬಿಸಿಲು ಅವುಗಳ ಪಾಲಿನದು. ಅವನ್ನು ಅಗೆಯುವುದು ಕಾನೂನಿನ ಪ್ರಕಾರ ಅಪರಾಧ.

ಅಷ್ಟು ನೀಲಿಯ ನಡುವೆ, ಈಗ ಕುಳಿ ಇರುವ ಕಡೆ, ಒಂದೇ ಒಂದು ಗಿಡ ಗುಲಾಬಿ ಬಣ್ಣದ್ದಿತ್ತು. ಯೋರ್ಡಿಸ್‌ಳ ಅಮ್ಮ ಬದುಕಿದ್ದಾಗ ಪ್ರತಿ ಏಪ್ರಿಲ್‌ನಲ್ಲೂ ಅದರ ಮುಂದೆ ಕೂತು "ಬಂದ್ಯಾ?" ಎಂದು ಕೇಳುತ್ತಿದ್ದಳು. ಮನೆಯವರನ್ನು ಬಿಟ್ಟರೆ ಆ ಜಾಗ ಗೊತ್ತಿದ್ದದ್ದು ತೋರ್ಕೆಲ್ ಒಬ್ಬನಿಗೇ. ಅವನು ಮದುವೆಯ ಮಾತೆತ್ತಿದ ದಿನ ಯೋರ್ಡಿಸ್‌ಳೇ ತೋರಿಸಿದ್ದಳು.

"ಗುರುವಾರ ನೀನು ಗುದ್ದಲಿ ಹಿಡ್ಕೊಂಡು ಇಲ್ಲಿಂದ ಹೋಗಿದ್ದನ್ನ ಅಪ್ಪ ನೋಡಿದಾರೆ."

ತೋರ್ಕೆಲ್‌ನ ಮುಖ ಬಿಗಿಯಿತು. "ನಿಮ್ಮಪ್ಪ ಹೇಳಿದ್ರು, ನೀನು ನಂಬಿದೆ. ಪಾದ್ರಿ ಹತ್ರ ಮದುವೆ ದಿನ ಕೇಳೋಕೆ ಹೋಗೋದಿತ್ತಲ್ಲ, ಬೇಡ ಬಿಡು. ಸೋಮವಾರ ದಕ್ಷಿಣದ ಕಾಡಿಗೆ ಹೊರಡ್ತೀನಿ."

ಮನೆಯಲ್ಲಿ ಅಪ್ಪ ಆಲ್ಗಾಟ್ ಅವಳಿಗೆ ಕಾಫಿ ಬಗ್ಗಿಸಿದ. ಹೂ ಕೀಳುವ ಮಕ್ಕಳನ್ನು ಇಡೀ ಊರಿಗೆ ಕೇಳುವಂತೆ ಬೈಯುವವನು ಅವನು.

"ಅವನು ಅಂಥವನೇ. ನಾನು ಆಗ್ಲೇ ಹೇಳಿದ್ದೆ." ಸ್ವಲ್ಪ ತಡೆದು, "ಅಂದ ಹಾಗೆ, ಅಮ್ಮನ ಸಮಾಧಿ ಮೇಲಿನ ಸ್ಪ್ರೂಸ್ ಮರದ ಕೊಂಬೆ ಈ ಸಲ ನಾನೇ ತೆಗೀತೀನಿ. ನೀನು ಹೋಗ್ಬೇಡ" ಎಂದ.

ಕಾಫಿಯ ಕಪ್ ಅವಳ ತುಟಿಯ ಬಳಿಯೇ ನಿಂತಿತು. ಚಳಿಗಾಲಕ್ಕೆ ಸಮಾಧಿಗೆ ಕೊಂಬೆ ಹೊದಿಸುವವಳು ಅವಳು. ವಸಂತದಲ್ಲಿ ತೆಗೆಯುವವಳೂ ಅವಳೇ. ಏಳು ವರ್ಷಗಳಲ್ಲಿ ಅಪ್ಪ ಒಂದು ಕಡ್ಡಿ ಮುಟ್ಟಿರಲಿಲ್ಲ.

ಈಗ ಯಾಕೆ...?

ಭಾನುವಾರ ಬಿಸಿಲು ಬಂತು. ಯೋರ್ಡಿಸ್ ನೇರ ಸ್ಮಶಾನಕ್ಕೆ ನಡೆದಳು. ಸಮಾಧಿಗೆ ಹೊದಿಸಿದ್ದ ಕೊಂಬೆಗಳನ್ನು ಒಂದೊಂದಾಗಿ ಎತ್ತಿದಳು. ಹೊಸ ಮಣ್ಣು. ಅದರಲ್ಲಿ ಗುಲಾಬಿ ಬಣ್ಣದ ಹೂಗಳು ಬಿಸಿಲಿಗೆ ಮೆಲ್ಲಗೆ ಬಿಚ್ಚಿಕೊಂಡವು.

ಅವಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು. ಮನೆಗೆ ಬಂದು ಅಪ್ಪನನ್ನು ಕೇಳಿದಳು.

"ಅಮ್ಮನ ಹತ್ರ ಇರ್ಲಿ ಅಂತ ತಂದು ನೆಟ್ಟೆ" ಎಂದ ಆಲ್ಗಾಟ್, ತಲೆ ಎತ್ತದೆ.

"ತಂದಿರಿ, ಸರಿ. ಅದಕ್ಕೆ ತೋರ್ಕೆಲ್ ಹೆಸರು ಯಾಕೆ?"

"ಊರಿಗೆ ಗೊತ್ತಾದ್ರೆ ನನಗೆ ಮುಖ ಎಲ್ಲಿರುತ್ತೆ? ಆಮೇಲೆ... ಅವನನ್ನ ಮದುವೆಯಾದ್ರೆ ನೀನೂ ಹೋಗ್ಬಿಡ್ತೀಯ."

ಅವಳು ಕೋಟು ತೆಗೆದುಕೊಂಡಳು.

"ಊಟಕ್ಕೆ ಬರ್ತೀಯಲ್ಲ?"

ಬಾಗಿಲು ಮುಚ್ಚಿಕೊಂಡಿತು.

ತೋರ್ಕೆಲ್ ತೋಪಿನಲ್ಲೇ ಇದ್ದ, ಕುಳಿಗೆ ಮಣ್ಣು ತುಂಬುತ್ತ. ಅವಳನ್ನು ಕಂಡರೂ ಏಳಲಿಲ್ಲ.

"ಅಪ್ಪ ತೆಗೆದದ್ದು" ಎಂದಳು. "ಅಮ್ಮನ ಸಮಾಧಿ ಮೇಲಿದೆ. ನಾನು ನಿನ್ನನ್ನ ಕಳ್ಳ ಅಂದೆ. ತಪ್ಪಾಯ್ತು ತೋರ್ಕೆಲ್. ನೀನು ಹೋದ್ರೆ ನನ್ನ ಕೈಲಿ ಆಗಲ್ಲ."

ಅವನು ಕೈಯಲ್ಲಿದ್ದ ಮಣ್ಣನ್ನು ಕುಳಿಗೆ ಹಾಕಿದ. ಆಮೇಲೆ ಕೊಳೆತ ಬೊಡ್ಡೆಯ ಪಕ್ಕ ಬೆರಳು ತೋರಿಸಿದ. ಇರುವೆಗಳ ಸಾಲಿನ ಅಂಚಿನಲ್ಲಿ ಮೂರು ಭಾಗವಾಗಿ ಸೀಳಿದ, ಬ್ಲೋಸಿಪ್ಪದ ಒಂದು ಪುಟ್ಟ ಎಲೆ.

"ಬೀಜದ ತುದಿಯ ಕೊಬ್ಬಿನ ಆಸೆಗೆ ಇರುವೆಗಳು ಹೊತ್ಕೊಂಡು ಬರ್ತವೆ. ಕೊಬ್ಬು ತಿಂದು ಬೀಜ ಬಿಸಾಕ್ತವೆ. ಹಾಗೆ ಹುಟ್ಟಿದ್ದು."

"ಇದೂ ಗುಲಾಬೀನಾ?"

"ಹೂ ಬಿಟ್ಟಾಗ್ಲೇ ಗೊತ್ತಾಗೋದು. ಐದಾರು ವರ್ಷ ಬೇಕು." ಅವಳ ಕಡೆ ನೋಡಿದ. "ಅಲ್ಲೀವರೆಗೆ ಅನುಮಾನ ಪಡದೆ ಇರ್ತೀಯಾ?"

"ಪಡ್ತೀನಿ. ಆದ್ರೆ ಬೇರೆಯವರ ಮಾತು ಕೇಳಲ್ಲ, ಮೊದಲು ನಿನ್ನನ್ನೇ ಕೇಳ್ತೀನಿ."

ತೋರ್ಕೆಲ್ ನಕ್ಕುಬಿಟ್ಟ. ಮಣ್ಣಾದ ಕೈ ಚಾಚಿದ. ಅವಳು ಹಿಡಿದುಕೊಂಡಳು, ಒರೆಸಿಕೊಳ್ಳಲಿಲ್ಲ.

ಅಂದು ಸಂಜೆ ಆಲ್ಗಾಟ್ ಮೇಜಿನ ಮೇಲೆ ಎರಡು ತಟ್ಟೆ ಇಟ್ಟ. ಊಟವಾದ ಮೇಲೆ ಒಂದನ್ನೇ ತೊಳೆದ.