ಒಂದು ದೀರ್ಘದ ಅಂತರ

"ಲಾರಿ ಎಣಸಾಕ ಬಂದೀರೋ, ಲಾರಿ ಕೆಳಗ ಬೀಳಾಕ ಬಂದೀರೋ?"

ಕಲ್ಲೂರಿನ ಶಾಲೆಯ ಮುಂದೆ ಅವಳ ತೋಳು ಹಿಡಿದು ಹಿಂದಕ್ಕೆಳೆದವನು ಹೀಗೆ ಗದರಿದ. ಭತ್ತದ ಲಾರಿ ವಿಶಾಖಾಳ ದುಪಟ್ಟಾ ಸವರಿಕೊಂಡು ಮಾನ್ವಿಯ ಕಡೆ ಹೋಗಿತ್ತು.

ಅವಳು ತುಮಕೂರಿನ ಹುಡುಗಿ. ಈ ರಸ್ತೆ ಅಗಲವಾದರೆ ಗಾಡಿಗಳು ಎಷ್ಟು ಹೊಗೆ ಉಗುಳುತ್ತವೆ, ಅದು ಯಾರ ಉಸಿರಿಗೆ ಸೇರುತ್ತದೆ ಎಂದು ಕಂಪ್ಯೂಟರಿನಲ್ಲಿ ಅಂದಾಜು ಮಾಡುವುದು ಅವಳ ಕೆಲಸ. ಅವನು ದೇವದುರ್ಗದ ಚನ್ನವೀರ. ಅದೇ ರಸ್ತೆಯ ನಕ್ಷೆ ಬರೆಯುವ ಎಂಜಿನಿಯರ್.

ಅಂದಿನಿಂದ ರಾಯಚೂರಿನ ಆಫೀಸಿನಲ್ಲಿ ದಿನವೂ ಜಗಳ.

"ರಸ್ತೆ ಶಾಲೆಯಿಂದ ದೂರ ಸರೀಬೇಕು."

"ನಿಮ್ಮ ಸಲುವಾಗಿ ರಸ್ತಿ ಡೊಂಕ ಮಾಡ್ಲೇನ್ರಿ?"

ಆದರೂ ಅವನು ಮಿರ್ಚಿ ಭಜಿ ತಂದರೆ ಮೊದಲು ಅವಳ ಮೇಜಿಗೇ!

ಇವನ ಮನಸ್ಸಿನಲ್ಲಿ ಏನಿದೆ, ಶಿವನೇ...

ಒಂದು ದಿನ ಅವನು ದೇವದುರ್ಗಕ್ಕೆ ಹೋಗಿದ್ದ. ಬೆಳಿಗ್ಗೆ ವಿಶಾಖಾ ಮೆಸೇಜ್ ಹಾಕಿದ್ದಳು: 'ಶಾಲೆಯಿಂದ ರಸ್ತೆ ದೂರ ಸರಿಸ್ತೀರಂತೆ! ಕಾರಣ ಏನಂತ ಬರೆದ್ರಿ?' ಉತ್ತರವಿಲ್ಲ. ಮಧ್ಯಾಹ್ನ ತುಮಕೂರಿಗೆ ವರ್ಗದ ಕರೆ ಬಂತು. ಬರುವುದಾದರೆ ಇಂದೇ ಹೊರಡಬೇಕಂತೆ. ಮತ್ತೆ ಬರೆದಳು: 'ತುಮಕೂರಿಗೆ ಕರೀತಿದಾರೆ. ಹೋಗ್ಲಾ, ಇರ್ಲಾ?'

ಸಂಜೆ ಉತ್ತರ ಬಂತು. ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ. ಎಚ್, ಓ, ಜಿ, ಐ.

ಹೋಗಿ!

ಅಷ್ಟೇನಾ? ಇಷ್ಟು ಸಲೀಸಾಗಿ...?

ಬ್ಯಾಗು ತುಂಬಿಕೊಂಡಳು. ಸ್ಟೇಷನ್ ಮುಂದೆ ಆಟೊ ನಿಂತರೂ ಕಾಲು ಏಳಲಿಲ್ಲ.

"ಲಗೂ ಇಳೀರಿ ಯಕ್ಕಾ," ಎಂದ ಆಟೊದ ಹುಲಗಪ್ಪ. "ಗಾಡಿ ಹೊಗಿ ಬಿಡಾಕತ್ತದ."

"ಏನಂದ್ರಿ?"

"ಹೊಗಿ ರೀ, ಹೊಗಿ! ಕೆಮ್ಮು ಬರಾಕತ್ತಿಲ್ಲೇನು?"

ಹೊಗೆ...! ಈ ಊರಿನ ಬಾಯಲ್ಲಿ ಹೊಗೆ ಎಂದರೆ 'ಹೊಗಿ'. ಇಂಗ್ಲಿಷ್ ಅಕ್ಷರಕ್ಕೆ ದೀರ್ಘವೆಲ್ಲಿ ಗೊತ್ತು! ಅವನು ಉತ್ತರಿಸಿದ್ದು ಬೆಳಗಿನ ಪ್ರಶ್ನೆಗೆ!

ಅಳುತ್ತಲೇ ಅವನಿಗೆ ಫೋನ್ ಹಚ್ಚಿದಳು.

"ಎದಕ್ಕ ಅಳಾಕತ್ತೀರಿ? ನೆಟ್‌ವರ್ಕ್ ಇರಲಿಲ್ರಿ, ಎರಡನೇ ಮೆಸೇಜ್ ಈಗ ನೋಡಿದ್ನಿ!"

"ನನಗೆ ಹೋಗಿ ಅಂದ್ರಿ ಅನ್ಕೊಂಡೆ..."

"ಅಯ್ಯ! ನಮ್ಮ ಕಡೆ 'ಹೋಗ್ರಿ' ಅಂತೀವಿ. 'ಹೋಗಿ' ಅಂತ ಯಾರಂತಾರ?"

ಅಳುವಿನ ನಡುವೆ ಅವಳಿಗೆ ನಗು ಬಂತು.

"ಹೇಳಿ... ಇರ್ಲಾ?"

"ಇರ್ರಿ ಅನ್ನಾಕ ನಾ ಯಾರ್ರಿ?"

"ಅದನ್ನೇ ಕೇಳ್ತಿದೀನಿ. ಯಾರು?"

"ನಿನ್ನಾಂವ."

'ರೀ' ಇಲ್ಲದ ಅವನ ಮೊದಲ ಮಾತು! ವಿಶಾಖಾ ಕಣ್ಣು ಮುಚ್ಚಿದಳು.

"ಇನ್ನೊಮ್ಮೆ ಹೇಳು..."

"ಫೋನಿನ್ಯಾಗ ಬ್ಯಾಡ. ಅಲ್ಲೇ ನಿಂದ್ರು, ಬಂದು ಹೇಳ್ತೀನಿ."