ಬಂಡೆಯ ಬಿರುಕಿಗೆ ಕಿಟ್ಟ

ಸೋಮವಾರ ಬೆಳಿಗ್ಗೆ ಕನಕಗಿರಿ ಠಾಣೆಗೆ ಎಂಜಿನಿಯರ್ ಗೋವಿಂದರಾಜ ದೂರು ತಂದರು. ಹುಲಿಹೈದರದ ಹೊರಗೆ ಅವರ ಕಂಪನಿ ಎರಡು ಆಳದ ಬೋರು ಕೊರೆಸಿತ್ತು. ಒಂದರೊಳಗೆ ತಣ್ಣೀರನ್ನು ಒತ್ತಿ ಇಳಿಸುವುದು; ಅದು ಬಿಸಿ ಬಂಡೆಯ ಬಿರುಕುಗಳಲ್ಲಿ ಹರಿದು, ಕಾದು, ಇನ್ನೊಂದರಿಂದ ಮೇಲೆ ಬರುವುದು. ಆ ಶಾಖದಿಂದ ಕರೆಂಟು ತೆಗೆಯುವ ಪ್ರಯೋಗ. ಅಂದು ನಸುಕಿನಲ್ಲಿ ಪಂಪು ಚಾಲೂ ಮಾಡಿದಾಗ ನೀರು ಕೆಳಗಿಳಿಯಲಿಲ್ಲ. ಒತ್ತಡ ಏರಿ ಪೈಪು ಸಿಡಿದು ಆಪರೇಟರ್ ಅಸ್ಲಮನ ಬಲಗಾಲು ಜಜ್ಜಿಹೋಗಿತ್ತು.

"ಯಾರೋ ಬೋರಿಗೆ ಏನೋ ಸುರಿದಾರ್ರಿ ಮೇಡಂ."

ಇನ್ಸ್‌ಪೆಕ್ಟರ್ ರೇಣುಕಾದೇವಿ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಗಾಳೇಶನೊಂದಿಗೆ ಸ್ಥಳಕ್ಕೆ ಹೋದರು. ಪಂಚರ ಎದುರು ಬೋರಿನ ಪೈಪಿನ ಒಳಬದಿಯಿಂದ ಕಂದು ರಾಡಿಯನ್ನು ಕೆರೆದು ತೆಗೆಸಿದರು. ಮರದ ಹೊಟ್ಟು, ಗೋಣಿ ನಾರು, ಹುಣಸೆ ಬೀಜದ ಅಂಟು. ಪಂಚನಾಮೆ ಬರೆಸುತ್ತಲೇ ಅದನ್ನು ಬೆರಳಲ್ಲಿ ಉಜ್ಜಿ ನೋಡಿದರು. ತವರಿನ ದೇವರಮನೆಯ ಕಿನ್ನಾಳದ ಮರದ ಗೊಂಬೆ ಗರುಡನ ರೆಕ್ಕೆ ಸೀಳಿದಾಗ ಕುಶಲಕರ್ಮಿ ತುಂಬಿದ್ದೂ ಇದನ್ನೇ. ಇದಕ್ಕೆ ಕಿಟ್ಟ ಎನ್ನುತ್ತಾರೆ. ಒಣಗಿದರೆ ಮರದಷ್ಟೇ ಗಟ್ಟಿ.

"ಗಾಳೇಶ, ಇಲ್ಲಿ ಕಿನ್ನಾಳದವರು ಯಾರದಾರ?"

"ವಾಚ್‌ಮನ್ ಪ್ರಭುರಾಜ ಒಬ್ಬನ ರೀ. ಹೆಂಡ್ತಿ ಊರು ಅಂತ ಇಲ್ಲೇ ಮನಿ ಮಾಡ್ಯಾನ."

ಪ್ರಭುರಾಜ ಬಂದವನೇ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಪಾಪ, ತಪ್ಪು ಮುಚ್ಚಿ ಅಭ್ಯಾಸವಿಲ್ಲದ ಮನುಷ್ಯ.

"ನಿನ್ನೆ ಪಂಪು ಬಂದ್ ಇತ್ತು. ಕಾವಲಿಗೆ ಯಾರಿದ್ರಿ?"

"ನಾನರೀ."

"ಕಿಟ್ಟ ಸುರಿದವರು?"

ಅವನು ಅಂಟು ಹತ್ತಿದ ಕೈಗಳನ್ನು ಮುಂದೆ ತಂದ. "ನಾನರೀ."

"ಯಾಕ?"

"ನಮ್ಮ ಬಾವಿ ನೋಡಬರ್ರಿ ಮೇಡಂ."

ಮನೆಯ ಹಿಂದಿನ ಬಾವಿಯಿಂದ ಒಂದು ಕೊಡ ಸೇದಿದ. ನೀರು ಉಗುರುಬೆಚ್ಚಗಿತ್ತು.

"ಊರ ಬೋರಿನ ಫ್ಲೋರೈಡ್ ನೀರು ಕುಡದು ಮಗಳು ಅನುಷಾನ ಮೊಣಕಾಲು ಸೊಟ್ಟ ಆಗ್ಯಾವ್ರಿ. ಈ ಬಾವಿ ನೀರು ಛಲೋ ಐತಿ, ಇದನ್ನ ಕುಡಸು ಅಂದಿದ್ರು ಡಾಕ್ಟರು. ಇವ್ರು ಪಂಪು ಹಚ್ಚಿದ ಮ್ಯಾಲ ಇದರ ನೀರೂ ಏರಿ ಬಿಸಿ ಆತು, ಕುಡಿಯಾಕ ಬರದಂಗಾತು. ಬಂಡಿ ಬಿರುಕಿನಾಗಿಂದ ಇಲ್ಲಿಗೂ ಬರಾಕತ್ತೈತಿ ಅಂತ ಎಂಜಿನಿಯರ್ ಸಾಹೇಬ್ರಿಗೆ ಹೇಳಿದೆ. ಸಂಬಂಧ ಇಲ್ಲ ಅಂದ್ರು. ಗೊಂಬಿ ಬಿರುಕು ತುಂಬೂದು ನಮ್ಮ ಮನಿತನದ ಕೆಲಸರಿ. ತುಂಬಿದ್ರ ನೀರು ಸುಮ್ಮನಾಗತೈತಿ ಅನ್ಕೊಂಡೆ."

ಗೊಂಬೆಯ ಬಿರುಕಿನ ಹಿಂದೆ ಏನೂ ಒತ್ತುವುದಿಲ್ಲ. ಬಂಡೆಯ ಬಿರುಕಿನ ಹಿಂದೆ ಪಂಪು ಇತ್ತು. ಅದು ಅವನಿಗೆ ಹೊಳೆದಿರಲಿಲ್ಲ.

ರೇಣುಕಾದೇವಿ ಬಾವಿಯ ನೀರನ್ನೂ ಬಾಟಲಿಗೆ ತುಂಬಿಸಿ ಮೊಹರು ಹಾಕಿಸಿದರು, ಗೋವಿಂದರಾಜರ ಹೇಳಿಕೆಯನ್ನೂ ಬರೆಸಿಕೊಂಡರು. ಮಧ್ಯಾಹ್ನ ಪ್ರಭುರಾಜನನ್ನು ಬಂಧಿಸಿ ವೈದ್ಯಕೀಯ ತಪಾಸಣೆಗೆ ಗಂಗಾವತಿ ಆಸ್ಪತ್ರೆಗೆ ಕರೆದೊಯ್ದರು. ವಾರ್ಡಿನ ಬಾಗಿಲಲ್ಲಿ ಅಸ್ಲಮನ ಹೆಂಡತಿ ಅತೀಯಾ ಕುಳಿತಿದ್ದಳು. ಬಾವಿ ಬಿಸಿಯಾದ ಸಂಗತಿ ಅವಳಿಗೆ ಗೊತ್ತಿತ್ತು; ಬೇಡಿ ಕಂಡು ಎಲ್ಲ ತಿಳಿಯಿತು.

"ಅಸ್ಲಮ ಹೆಂಗದಾನವ್ವಾ?" ಎಂದ ಪ್ರಭುರಾಜ.

"ಕಾಲು ತಗದಾರ." ಅವಳು ಕಿರುಚಲಿಲ್ಲ, ಶಪಿಸಲಿಲ್ಲ. "ಒಂದು ಮಾತು ಹೇಳಬಾರದಿತ್ತೇನಣ್ಣಾ? ಅನುಷಾನ ಸಲುವಾಗಿ ಅಂದಿದ್ರ ನಮ್ಮವ್ರು ಆ ಪಂಪು ಮುಟ್ತಿದ್ದಿಲ್ಲ."

ಪ್ರಭುರಾಜ ಅಲ್ಲೇ ಕುಸಿದ. ಗಾಳೇಶ ರಟ್ಟೆ ಹಿಡಿದು ಎಬ್ಬಿಸಹೋದ. ಸ್ವಲ್ಪ ಹೊತ್ತು ಬಿಡು ಎಂದು ರೇಣುಕಾದೇವಿ ಅವನನ್ನು ತಡೆದರು.